ದಾರವಿಲ್ಲದ ಕೈ

"ಅಜ್ಜಾರ, ನೇಮ ಮೀರಿ ಬಂದವರಿಗೆ ಆಸರೆ ಕೊಟ್ಟರ ನೇಮಕ್ಕ ಬೆಲೆ ಏನುಳೀತು?"

ಮಠದ ಬಾಗಿಲು ಕಾಯುವ ಅಡವಿಸ್ವಾಮಿ ಬೆಳಗಿನ ಪೂಜೆ ಮುಗಿಯುವುದನ್ನೇ ಕಾದಿದ್ದು ಗುರುಗಳ ಮುಂದೆ ಈ ಪ್ರಶ್ನೆ ಇಟ್ಟ. ಇಷ್ಟು ದೊಡ್ಡ ಪ್ರಶ್ನೆ ಬೆಳಗಾಗುವುದರೊಳಗೆ ಸುಮ್ಮನೆ ಹುಟ್ಟುವುದಿಲ್ಲವೆಂದು ಗುರುಗಳಿಗೆ ಗೊತ್ತಿತ್ತು. ಏನಾಯಿತು ಎಂದು ಕೇಳಿದರು.

"ನಿನ್ನೆ ದೀಪ ಹಚ್ಚೂ ಹೊತ್ತಿಗೆ ಒಬ್ಬ ಹೆಣ್ಮಗಳು ಬಾಗಿಲಿಗೆ ಬಂದಿದ್ಲು. ಕತ್ತಲಾದ ಮ್ಯಾಲೆ ಗುರುತಿನವರು ಹೇಳಿ ಕಳಿಸಿದವರಿಗಷ್ಟ ಒಳಗ ಜಾಗ ಅಂತ ನೀವ ನೇಮ ಮಾಡೀರಿ. ಯಾವ ಊರು, ಯಾರ ಪೈಕಿ, ಯಾರು ಕಳಿಸಿದ್ರು ಅಂತ ಕೇಳಿದೆ. ಒಂದಕ್ಕೂ ಉತ್ತರ ಕೊಡಲಿಲ್ಲ. ಒಂದು ಕೈ ಸೆರಗಿನೊಳಗ ಮುಚ್ಚಿಟ್ಟುಕೊಂಡು ನಿಂತಿದ್ಲು. ಏನು ಕದ್ದು ತಂದಿದ್ಲೋ ಏನೋ. ಒಳಗ ಬಿಡಲಿಲ್ಲ, ಹೋದಳು."

"ನೇಮದಂಗ ನಡಕೊಂಡಿ. ಕೂಡು," ಎಂದು ಗುರುಗಳು ಕತೆ ಶುರುಮಾಡಿದರು.

ನದಿಯ ದಂಡೆಯ ಮೇಲೆ ಒಂದು ಊರಿತ್ತು. ಸುತ್ತ ಕೋಟೆ, ಒಂದೇ ಬಾಗಿಲು. ಆ ಊರಿನಲ್ಲಿ ಇರುವವರೆಲ್ಲ ಬಲಗೈ ಮಣಿಕಟ್ಟಿಗೆ ಬಣ್ಣದ ದಾರ ಕಟ್ಟಿಕೊಂಡಿರಬೇಕು. ದಾರ ಕಟ್ಟುವುದು ಚಾವಡಿಯಲ್ಲಿ, ಊರ ಹಿರಿಯನ ಕೈಯಿಂದ. ಪ್ರತಿ ಯುಗಾದಿಗೆ ಬಣ್ಣ ಬದಲಾಗುತ್ತಿತ್ತು. ಹಳೆಯ ದಾರ ತೋರಿಸಿ ಯಾರೂ ಒಳಗಿರುವಂತಿರಲಿಲ್ಲ. ದಾರವಿಲ್ಲದವರು ಸಿಕ್ಕರೆ ಹೊತ್ತು ಮುಳುಗುವುದರೊಳಗೆ ಬಾಗಿಲಾಚೆ. ಮತ್ತೆ ಒಳಗೆ ಬರುವ ಮಾತಿಲ್ಲ.

ಕೆಟ್ಟ ನೇಮವೇನಲ್ಲ. ಹಿಂದೊಮ್ಮೆ ಸಂತೆಯ ಜನರ ನಡುವೆ ಕಳ್ಳರು ನುಗ್ಗಿ ಊರು ದೋಚಿದ್ದರು. ಪೆಟ್ಟು ತಿಂದ ಊರು ಎಚ್ಚರವಾಗಿತ್ತು, ಅಷ್ಟೇ.

ಒಂದು ವರ್ಷ ಒಬ್ಬ ಹೆಂಗಸು ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಸಂತೆಗೆ ಬಂದವರ ಜೊತೆ ಒಳಗೆ ಬಂದಳು. ಸಂಜೆ ಎಲ್ಲರೂ ಹೋದರು, ಅವಳು ಹೋಗಲಿಲ್ಲ. ಹೋಗಲು ದಿಕ್ಕಿರಲಿಲ್ಲ. ನದಿಯಾಚೆ ಅವಳ ಗಂಡನನ್ನು ಕೊಂದವರು ಇನ್ನೂ ತಿರುಗಾಡಿಕೊಂಡಿದ್ದರು.

ಅವಳಿಗೆ ಬಣ್ಣದ ಮನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ಯಜಮಾನ ಕೆಲಸ ಕೊಡುವ ಮೊದಲು ಅವಳ ಮುಖ ನೋಡಲಿಲ್ಲ, ಮಣಿಕಟ್ಟು ನೋಡಿದ. ದಾರವಿಲ್ಲದ್ದು ಕಂಡು, ಇವಳು ಆಗಬಹುದು ಅಂದುಕೊಂಡ. ಅವನ ಹತ್ತಿರ ಅಂಥವರೇ ಇದ್ದರು. ಬೈದರೆ ಎದುರಾಡುವುದಿಲ್ಲ, ಹೊಡೆದರೆ ಹೇಳಿಕೊಳ್ಳುವುದಿಲ್ಲ. ಯಾರಾದರೂ ಸ್ವಲ್ಪ ತಲೆ ಎತ್ತಿದರೆ ಅವನು ಬಾಗಿಲು ತೋರಿಸಿ ನಗುತ್ತಿದ್ದ. "ಚಾವಡಿಗೆ ಹೋಗ್ತೀಯೇನು? ಹೋಗು ಹೋಗು. ಏನು ಕೇಳ್ತಾರ ನೋಡು."

ಚಾವಡಿಯಲ್ಲಿ ಏನು ಕೇಳುತ್ತಾರೆಂದು ಅವಳೇ ಒಮ್ಮೆ ಕಂಡಿದ್ದಳು. ತಲೆ ಒಡೆದು ರಕ್ತ ಸೋರುತ್ತಿದ್ದ ಒಬ್ಬ ಹಮಾಲಿ ಚಾವಡಿಯ ಮೆಟ್ಟಿಲು ಹತ್ತಿದ. ಬಾಗಿಲ ಬಳಿಯ ತಳವಾರ ಕೇಳಿದ್ದು ಒಂದೇ ಮಾತು, "ದಾರ ಎಲ್ಲೈತಿ?" ಹೊತ್ತು ಮುಳುಗುವ ಮೊದಲು ಹಮಾಲಿ ಕೋಟೆಯ ಹೊರಗಿದ್ದ. ಅವನ ತಲೆ ಒಡೆದವನು ಮರುದಿನ ಸಂತೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಅಡ್ಡಾಡುತ್ತಿದ್ದ.

ಚಾವಡಿಯವರು ಕೆಟ್ಟವರಲ್ಲ, ಅಡವಿಸ್ವಾಮಿ. ನಿನ್ನ ಹಾಗೆಯೇ ಒಳ್ಳೆಯವರು. ಕೇಳಬೇಕಾದ್ದನ್ನೇ ಕೇಳುತ್ತಿದ್ದರು.

ಆ ವರ್ಷದ ದಾರಕ್ಕೆ ಮಂಜಿಷ್ಠದ ಬೇರಿನ ಕೆಂಪು ಎಂದು ಹಿರಿಯರು ಗೊತ್ತು ಮಾಡಿದರು. ಮಂಜಿಷ್ಠದ ಬಣ್ಣ ಕುದಿಯುವ ಹಂಡೆಯಲ್ಲಿ ಹಿಡಿಯಬೇಕು. ಬೆಂಕಿ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಊರಿನವರೆಲ್ಲ ಕಟ್ಟಿಕೊಳ್ಳುವ ದಾರಕ್ಕೆ ಬಣ್ಣ ಹಾಕಿದವಳು ಇವಳೇ. ಒಂದು ಸಲ ಹದ ಎಲ್ಲೋ ತಪ್ಪಿತು, ನೂಲು ಮಚ್ಚೆ ಮಚ್ಚೆಯಾಗಿ ಬಂತು. ಯಜಮಾನ ಹಂಡೆಯ ಹತ್ತಿರ ಬಂದ. ಅವಳ ಬಲಗೈ ಹಿಡಿದು, ಮೊಳಕೈವರೆಗೆ, ಕುದಿಯುವ ಹಂಡೆಯೊಳಗೆ ಅದ್ದಿದ.

ಅವಳ ಕೂಗು ಬೀದಿಗೆಲ್ಲ ಕೇಳಿಸಿತು. ಕೇಳಿದವರು ಕೇಳಲಿಲ್ಲವೆಂಬಂತೆ ಇದ್ದರು. ಅವಳು ಕೈಗೆ ಬೇವಿನ ಎಣ್ಣೆ ಹಚ್ಚಿ, ಹಳೆಯ ಬಟ್ಟೆ ಸುತ್ತಿಕೊಂಡು, ನೋವನ್ನೆಲ್ಲ ನುಂಗಿಕೊಂಡಳು. ಊರಿನೊಳಗೆ ಕೈ ಹೋಗಿದೆ, ಊರಿನ ಹೊರಗೆ ಜೀವ ಹೋಗುತ್ತದೆ, ಮಗಳದ್ದೂ ಹೋಗುತ್ತದೆ. ಅವಳ ಲೆಕ್ಕ ಇಷ್ಟೇ ಇತ್ತು. ಆ ಲೆಕ್ಕದಲ್ಲಿ ತಪ್ಪೂ ಇರಲಿಲ್ಲ.

ಯುಗಾದಿ ಮುಗಿದು ಕೆಲವು ದಿನ ಕಳೆದ ಮೇಲೆ ಯಜಮಾನ ಬಂದು ಅವಳ ಸುತ್ತಿದ ಕೈ ನೋಡಿದ. "ಈ ಕೈ ಇನ್ನ ಕೆಲಸಕ್ಕ ಬರಂಗಿಲ್ಲ. ನಾಳೆಯಿಂದ ನಿನ್ನ ಮಗಳು ಹಂಡೆ ಮುಂದ ನಿಲ್ಲಲಿ," ಎಂದ.

ಮಗಳು ಆಗಿನ್ನೂ ಹಂಡೆಯ ಅಂಚಿಗೆ ಕೈ ನಿಲುಕದಷ್ಟು ಚಿಕ್ಕವಳು. ತಾಯಿ ಅವಳ ಪುಟ್ಟ ಕೈಯನ್ನೇ ನೋಡುತ್ತ ಕುಳಿತಳು. ಮತ್ತೆ ಎದ್ದಳು. ಮಗಳನ್ನು ಎತ್ತಿಕೊಂಡು ಹಾಡಹಗಲೇ ಬೀದಿಯ ನಡುವೆ ನಡೆದು ಚಾವಡಿಯ ಮೆಟ್ಟಿಲು ಹತ್ತಿದಳು.

"ದಾರ ಎಲ್ಲೈತಿ?" ಎಂದ ತಳವಾರ.

ಅವಳು ಮಗಳನ್ನು ಕೆಳಗಿಳಿಸಿದಳು. ಕೈಗೆ ಸುತ್ತಿದ ಬಟ್ಟೆ ಬಿಚ್ಚಿದಳು. ಬೆಂದ ಚರ್ಮದ ಮೇಲೆ ಬೆರಳ ತುದಿಯಿಂದ ಮೊಳಕೈವರೆಗೆ ಮಂಜಿಷ್ಠದ ಕೆಂಪು ಹಿಡಿದಿತ್ತು. ಅಲ್ಲಿ ಕುಳಿತವರೆಲ್ಲರ ಮಣಿಕಟ್ಟಿನಲ್ಲೂ ಅದೇ ಕೆಂಪು.

"ದಾರ ಇಲ್ಲ," ಎಂದಳು. "ನನ್ನ ಹೊರಗ ಹಾಕ್ರಿ. ಆದ್ರ ಮೊದಲು ಈ ಕೈ ಯಾರು ಸುಟ್ಟರು ಅಂತ ಒಮ್ಮೆ ಕೇಳ್ರಿ. ಯಾರೂ ಕೇಳಿಲ್ಲ."

ಊರ ಹಿರಿಯ ಒಳಗಿನಿಂದ ಎದ್ದು ಬಂದ. ಹಮಾಲಿಯನ್ನು ಹೊರಗೆ ಹಾಕಿಸಿದವನು ಅವನೇ. ಬಹಳ ಹೊತ್ತು ಆ ಕೈ ನೋಡಿ, ಯಾರು ಎಂದು ಕೇಳಿದ. ಅವಳು ಹೇಳಿದಳು. ಬಣ್ಣದ ಮನೆಯ ಯಜಮಾನನಿಗೆ ಕರೆ ಹೋಯಿತು. ಅವನು ಆರಾಮಾಗಿ ಬಂದು ಆರಾಮಾಗಿಯೇ ನಿಂತ. ದಾರವಿಲ್ಲದವಳ ಮಾತಿಗೆ ಬೆಲೆ ಏನು, ನೇಮದಂತೆ ಇವಳನ್ನು ಹೊತ್ತು ಮುಳುಗುವುದರೊಳಗೆ ಕಳಿಸಿ, ತಕರಾರು ತಾನಾಗಿಯೇ ಮುಗಿಯುತ್ತದೆ ಎಂದ.

ಹಿರಿಯನಿಗೆ ಆಗ ಹೊಳೆಯಿತು. ಈ ನೇಮ ನಡೆಯಲೆಂದು ಚಾವಡಿಗಿಂತ ಹೆಚ್ಚು ಕಾತರದಿಂದ ಕಾಯುತ್ತಿದ್ದವನು ಇವನೇ. ಕಳ್ಳರನ್ನು ತಡೆಯಲೆಂದು ಕಟ್ಟಿದ ಬಾಗಿಲನ್ನು ಇವನು ತನ್ನ ಆಳುಗಳ ಬಾಯಿಗೆ ಬೀಗ ಮಾಡಿಕೊಂಡಿದ್ದ. ಹಿರಿಯನಿಗೆ ನಾಚಿಕೆಯಾಯಿತು. ಕೆಂಪು ದಾರ ತರಿಸಿ ತಾಯಿಯ ಎಡಗೈಗೆ ಒಂದು, ಮಗಳ ಕೈಗೆ ಒಂದು ಕಟ್ಟಿದ. ವಿಚಾರಣೆ ಮುಗಿಯುವವರೆಗೆ ಇವರನ್ನು ಯಾರೂ ಮುಟ್ಟುವಂತಿಲ್ಲ ಎಂದ.

ಉಳಿದ ಹಿರಿಯರು ಮೂಗು ಮುರಿದರು. "ದಾರದ ಆಸೆಗೆ ನಾಳೆ ಊರ ತುಂಬ ಕೈ ಸುಟ್ಟುಕೊಂಡು ಬರ್ತಾರ," ಎಂದ ಒಬ್ಬ.

"ಬರಲಿ. ತಾವ ಸುಟ್ಟುಕೊಂಡ ಕೈ ಯಾವುದು, ಮಂದಿ ಸುಟ್ಟ ಕೈ ಯಾವುದು ಅಂತ ನೋಡೂದಕ್ಕ ತಾನ ನಾವಿಲ್ಲಿ ಕುಂತಿದ್ದು? ದಾರ ಕಟ್ಟಿದ್ದು ಅಕಿ ಇಲ್ಲೇ ಇರಲಿ ಅಂತ. ಅಕಿ ಮಾತು ಖರೆಯೋ ಸುಳ್ಳೋ ಅನ್ನೂದನ್ನ ಬ್ಯಾರೇನ ತೂಗೋಣು," ಎಂದ ಹಿರಿಯ.

ದಾರವಿಲ್ಲದ ಜನ ಬಂದರು. ಸುಳ್ಳು ಹೇಳಿಕೊಂಡು ಬಂದವರೂ ಇದ್ದರು. ವಿಚಾರಿಸಿ ಅವರನ್ನು ಕಳಿಸಿದರು. ಬಣ್ಣದ ಮನೆಯಿಂದಲೇ ಬೆನ್ನ ಮೇಲೆ ಬಾಸುಂಡೆ ಹೊತ್ತವರು ಬಂದರು. ಕೋಟೆಗೋಡೆಯ ನೆರಳಲ್ಲಿ ಮಲಗುತ್ತಿದ್ದ ಒಬ್ಬ ಮುದುಕ ಬಂದು, ಹಿಂದಿನ ಸುಗ್ಗಿಯಲ್ಲಿ ಊರಿನ ಕಂಬಾರನ ಮನೆಗೆ ಬೆಂಕಿ ಇಟ್ಟವರನ್ನು ತಾನು ಕಂಡಿದ್ದೇನೆ ಎಂದ. ಆ ಬೆಂಕಿಯಲ್ಲಿ ಕಂಬಾರನ ಮಗ ಸತ್ತಿದ್ದ. ಊರೆಲ್ಲ ಹುಡುಕಿ ಸೋತಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕಂಬಾರ ಅವನ ಎದೆಯ ಬಟ್ಟೆ ಹಿಡಿದು ಅತ್ತ. ಮುದುಕ ತನ್ನ ಬರಿ ಮಣಿಕಟ್ಟು ಮುಂದೆ ಚಾಚಿದ.

ಬಣ್ಣದ ಮನೆಯ ಯಜಮಾನ ಸೆರೆಮನೆ ಸೇರಿದ. ವಿಚಾರಣೆ ಮುಗಿಯುವಷ್ಟರಲ್ಲಿ ಮತ್ತೊಂದು ಯುಗಾದಿ ಬಂದಿತ್ತು. ಬಣ್ಣ ಬದಲಾಯಿತು. ತಾಯಿಗೂ ಮಗಳಿಗೂ ಹೊಸ ದಾರ ಕಟ್ಟಿದರು. ಅವಳ ಬಲಗೈಯ ಬೆರಳುಗಳು ಮಾತ್ರ ಮತ್ತೆ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. ಚಾವಡಿಯಲ್ಲಿ ನೇಮ ಹಾಗೆಯೇ ಉಳಿಯಿತು, ಕೋಟೆಯೂ ಉಳಿಯಿತು, ತಳವಾರನೂ ದಾರ ಕೇಳುವುದನ್ನು ಬಿಡಲಿಲ್ಲ. ಆದರೆ ಅದು ಎರಡನೆಯ ಮಾತಾಯಿತು. ಮೊದಲು, ಏನಾಯಿತು ಎಂದು ಕೇಳುತ್ತಿದ್ದ.

ಗುರುಗಳು ಕತೆ ಮುಗಿಸಿದರು.

ಅಡವಿಸ್ವಾಮಿಗೆ ಕತೆ ಹಿಡಿಸಿತು. ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂಬ ಸಮಾಧಾನದಲ್ಲಿ ತಲೆದೂಗಿದ. "ಹಿರಿಯ ಬಲು ಶಾಣ್ಯಾ, ಅಜ್ಜಾರ. ನೇಮಾನೂ ಉಳೀತು, ಅಕಿಗೆ ನ್ಯಾಯಾನೂ ಸಿಕ್ಕಿತು," ಎಂದು ಎದ್ದು ಬಾಗಿಲ ಕಡೆ ಹೊರಟ.

ಗುರುಗಳು ಕೂತಲ್ಲಿಂದಲೇ ಕೇಳಿದರು:

"ಅಡವಿಸ್ವಾಮಿ, ನಿನ್ನೆ ಬಂದಾಕಿ ಕೈಗೆ ಏನಾಗಿತ್ತು?"