ಅಶ್ವತ್ಥಯ್ಯನವರ ಸಾರು

ಮಕ್ಕಳೇ, ಮದುವೆ ಊಟವನ್ನು ಲಾರಿಯಲ್ಲಿ ತಂದಿಳಿಸುವ ಕಾಲ ಇದು. ಹಿಂದೆ ಹಾಗಿರಲಿಲ್ಲ. ಚಪ್ಪರದ ಹಿಂದೆಯೇ ಒಲೆ ತೋಡುತ್ತಿದ್ದರು. ಆ ಹೊಗೆ, ಆ ಗದ್ದಲ ನೆನೆದರೆ ನನಗೆ ಈಗಲೂ ಹೊಟ್ಟೆ ಚುರುಗುಟ್ಟುತ್ತದೆ. ಆಗ ಹೇಮಾವತಿ ದಂಡೆಯ ಒಂದೂರಿನಲ್ಲಿ ಅಶ್ವತ್ಥಯ್ಯ ಎಂಬ ಅಡುಗೆಯವರಿದ್ದರು. ಅವರು ಸಾರಿಗೆ ಒಗ್ಗರಣೆ ಹಾಕಿದರೆ ಮೂರು ಬೀದಿಯಾಚೆ ಇದ್ದವರಿಗೂ ಹಸಿವಾಗುತ್ತಿತ್ತು.

ಒಂದು ವರ್ಷ ಅವರಿಗೆ ವಿಷಮಶೀತಜ್ವರ ಬಂತು. ಜ್ವರವೇನೋ ಬಿಟ್ಟಿತು. ಹೋಗುವಾಗ ನಾಲಿಗೆಯ ರುಚಿ, ಮೂಗಿನ ವಾಸನೆ ಎರಡನ್ನೂ ಹೊತ್ತುಕೊಂಡು ಹೋಯಿತು. ಉಪ್ಪಿನಕಾಯಿ ತಿಂದರೂ ಹುಲ್ಲು ತಿಂದ ಹಾಗೆ. ಇದು ಗೊತ್ತಿದ್ದದ್ದು ಹೆಂಡತಿ ಸಾತಮ್ಮನಿಗೆ ಮಾತ್ರ. ಇನ್ನು ಹತ್ತೇ ದಿನಕ್ಕೆ ಶಾನುಭೋಗರ ಮೊಮ್ಮಗಳ ಮದುವೆ. ಅಡುಗೆಗೆ ಒಪ್ಪಿ ವೀಳ್ಯ ಹಿಡಿದಾಗಿತ್ತು. ಊರೇ ಉಣ್ಣುವ ಮದುವೆಯಲ್ಲಿ ಸಾರು ಕೆಟ್ಟರೆ ನಲವತ್ತು ವರ್ಷದ ಹೆಸರು ಒಂದೇ ಪಂಕ್ತಿಯಲ್ಲಿ ಮಣ್ಣುಪಾಲು.

ಹೆದರಿದ ಅಶ್ವತ್ಥಯ್ಯ ಮನೆಯಲ್ಲೇ ಸಾರು ಮಾಡಿ ನೋಡತೊಡಗಿದರು. ಅಂಗೈಗೆ ಬಿಟ್ಟುಕೊಂಡು ನೆಕ್ಕುವುದು, ಏನೂ ತಿಳಿಯದೆ ಉಪ್ಪು ಹಾಕುವುದು, ಮತ್ತೆ ನೆಕ್ಕುವುದು. ಸಾತಮ್ಮ ಒಂದು ಗುಟುಕು ಕುಡಿದು ಹಿತ್ತಲಿಗೆ ಓಡಿದರು. ಮೂರನೆಯ ದಿನವೂ ಅದೇ ಪಾಡು.

"ವೀಳ್ಯ ವಾಪಸು ಕೊಟ್ಟುಬರ್ತೀನಿ ಕಣೇ. ನನ್ನ ಕಥೆ ಮುಗೀತು," ಎಂದು ಅವರು ಸೌಟು ಕೆಳಗಿಟ್ಟರು.

"ಅದು ಹಾಗಿರ್ಲಿ," ಎಂದರು ಸಾತಮ್ಮ. "ಅಡುಗೇನ ಎಂಜಲು ಮಾಡಿ ನೋಡೋದು ನೀವು ಯಾವತ್ತು ಕಲಿತ್ರಿ?"

ಅಶ್ವತ್ಥಯ್ಯ ಕೆಳಗಿಟ್ಟ ಸೌಟನ್ನೇ ನೋಡಿದರು. ಹೌದಲ್ಲ! ದೇವರ ನೈವೇದ್ಯಕ್ಕೆ ಮುಂಚೆ ಅಡುಗೆಯನ್ನು ಬಾಯಿಗಿಡುವ ಹಾಗಿಲ್ಲ. ನಲವತ್ತು ವರ್ಷದಲ್ಲಿ ಅವರು ಒಂದು ದಿನವೂ ರುಚಿ ನೋಡಿ ಉಪ್ಪು ಹಾಕಿದವರಲ್ಲ. ಅಡುಗೆ ಕಲಿಸಿದ ಹಿರಿಯಣ್ಣಯ್ಯನವರ ಮಸಿ ಹಿಡಿದ ಅಡುಗೆಮನೆ ಕಣ್ಣಿಗೆ ಕಟ್ಟಿತು. ಹುಡುಗನಾಗಿದ್ದಾಗ ಒಮ್ಮೆ ತಾವು ಆಸೆ ತಡೆಯದೆ ಪಾಯಸಕ್ಕೆ ಬೆರಳದ್ದಿ ಸಿಕ್ಕಿಬಿದ್ದಾಗ ಮುದುಕರು ಬೈದಿರಲಿಲ್ಲ. "ನಾಲಿಗೆ ಉಣ್ಣೋರದ್ದು ಕಣೋ. ನಿನಗೆ ಕಣ್ಣಿದೆ, ಕಿವಿ ಇದೆ, ಕೈ ಇದೆ," ಎಂದು ಹೇಳಿ ಇಡೀ ಪಾಯಸವನ್ನು ಮತ್ತೆ ಮಾಡಿಸಿದ್ದರು. ಎಂಥ ದಿನಗಳವು!

ಅಶ್ವತ್ಥಯ್ಯ ಎದ್ದು ಪಾತ್ರೆ ತೊಳೆದರು. ಹುಣಿಸೆ ನೀರಿನ ಬಣ್ಣ ನೋಡಿದರು. ಕಲ್ಲುಪ್ಪನ್ನು ಅಂಗೈಯಲ್ಲಿ ತೂಗಿದರು. ನೊರೆ ಏಳುವ ಸದ್ದು ಕೇಳಿದ್ದೇ ಉರಿಯುವ ಸೌದೆ ಹೊರಗೆಳೆದರು. ಬಾಯಿಗೆ ಒಂದು ಹನಿಯನ್ನೂ ಬಿಟ್ಟುಕೊಳ್ಳಲಿಲ್ಲ. ಈ ಸಲ ಸಾತಮ್ಮ ಹಿತ್ತಲಿಗೆ ಓಡಲಿಲ್ಲ.

ಮದುವೆಯ ದಿನ ಶಾನುಭೋಗರು ಅಂಗೈಯೊಡ್ಡಿ ಎರಡು ಸಲ ಸಾರು ಸುರಿಸಿಕೊಂಡು ಕುಡಿದರು. ಕೊನೆಯ ಪಂಕ್ತಿಯಲ್ಲಿ ಅಶ್ವತ್ಥಯ್ಯನವರೂ ಸಾತಮ್ಮನೂ ಎಲೆಯ ಮುಂದೆ ಕುಳಿತರು. ಅಶ್ವತ್ಥಯ್ಯನವರ ಬಾಯಿಗೆ ಸಾರು ಬರೀ ಬಿಸಿನೀರು. ಅದು ಸಂಕಟವೇ, ಸುಳ್ಳು ಹೇಳಲಾರೆ.

"ಹೇಗಿದೆಯೇ?" ಎಂದು ಮೆಲ್ಲಗೆ ಕೇಳಿದರು.

ಇಷ್ಟು ವರ್ಷದಲ್ಲಿ ಗಂಡನ ಅಡುಗೆಯನ್ನು ಒಮ್ಮೆಯೂ ಹೊಗಳದ ಸಾತಮ್ಮ ತಲೆ ಎತ್ತಲೇ ಇಲ್ಲ. "ಮಾತಾಡಿಸ್ಬೇಡಿ. ಉಣ್ಣೋಕೆ ಬಿಡಿ."

ಅಶ್ವತ್ಥಯ್ಯನವರಿಗೆ ಹೊಟ್ಟೆ ತುಂಬಿತು.

ನೀತಿ: ಕಷ್ಟ ಬಂದಾಗ ಕಳೆದುಹೋದದ್ದನ್ನೇ ತಡಕಾಡುತ್ತ ಕೂರಬೇಡಿ. ವರ್ಷಗಟ್ಟಲೆ ದುಡಿದು ಒಳಗೆ ಸೇರಿಸಿಕೊಂಡ ಅರಿವನ್ನು ಯಾವ ಜ್ವರವೂ ಒಯ್ಯಲಾರದು. ಅದನ್ನು ನಂಬಿ ಎದ್ದು ನಿಲ್ಲಿ.