ಹೊಳೆ ಇಳಿಯದ ಸಂಜೆ

ಒಂದಾನೊಂದು ಕಾಲದಲ್ಲಿ, ನನ್ನಜ್ಜಿಗೆ ಇನ್ನೂ ಹಾಲುಹಲ್ಲು ಕೂಡ ಬಂದಿರದ ಕಾಲದಲ್ಲಿ, ಕಡಲಿಗೂ ಹೊಳೆಗೂ ನಡುವೆ ಒಂದು ಮರಳಿನ ಪಟ್ಟಿ, ಅದರ ಮೇಲೊಂದು ಮೀನುಗಾರರ ಊರು ಇತ್ತಂತೆ. ಎದುರು ಬಾಗಿಲು ತೆಗೆದ್ರೆ ಕಡಲು, ಹಿತ್ತಲ ಬಾಗಿಲು ತೆಗೆದ್ರೆ ಹೊಳೆ, ಹೊಳೆಯಾಚೆ ಗುಡ್ಡ. ಕಾಲು ಆಡಿಸ್ಬೇಡ ಮಗಾ. ಹೂಂ ಅಂತಾ ಇರು, ಹೂಂ ಅನ್ನದಿದ್ರೆ ಕತೆ ನಿಂತಲ್ಲೇ ನಿಂತ್ಕೊಳ್ತದೆ.

ಆ ಊರಿನ ಯಜಮಾನ ಸೂರ ಮರಕಾಲ ಅಂತ. ಅವನ ಸೊಸೆ ಬಚ್ಚಿ. ಬಚ್ಚಿ ಗಂಡ ಒಣಮೀನು ಹೊತ್ಕೊಂಡು ಘಟ್ಟದ ಮೇಲೆ ಮಾರೋಕೆ ಹೋಗಿದ್ದ, ಮನೇಲಿದ್ದದ್ದು ಮಾವ, ಸೊಸೆ, ತೊಟ್ಟಿಲಲ್ಲೊಂದು ಹೆಣ್ಣುಕೂಸು ಅಷ್ಟೇ. ಬಚ್ಚಿ ದಿನಾ ಇಳಿತದ ಹೊತ್ತಿಗೆ, ಅಂದ್ರೆ ಹೊಳೆನೀರು ಕಡಲಿಗೆ ಇಳಿದು ಮರಳು ಕಾಣೋ ಹೊತ್ತಿಗೆ, ಚಿಪ್ಪು ಹೆಕ್ಕೋಕೆ ಹೋಗೋಳಂತೆ. ಅವಳ ತಾಯಿ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ಲಂತೆ, ತೂಫಾನಿಗೆ ಮೂರು ಗಂಡುಮಕ್ಕಳು ಕಣೇ. ದೊಡ್ಡವ ಗಾಳಿ, ಬೊಬ್ಬೆ ಹೊಡೀತಾ ಬರ್ತಾನೆ. ನಡುವಿನವ ಮಳೆ, ಮನೆಮಾಡು ಬಡೀತಾ ಬರ್ತಾನೆ. ಕಿರಿಯವ ಏರುನೀರು, ಅವನು ಬಾಯೇ ಬಿಡೋದಿಲ್ಲ, ಹಿತ್ತಲ ಬಾಗಿಲಿಂದ ಬರ್ತಾನೆ. ಊರು ನುಂಗೋನು ಅವನೇ. ಹೊಳೆ ಕಡಲಿಗೆ ಹೋಗೋದಿಲ್ಲ ಅಂತ ಹಟ ಹಿಡಿದ್ರೆ, ಕಡಲೇ ಮನೆಗೆ ಬರ್ತದೆ ಅಂತ ತಿಳ್ಕೋ.

ಆಮೇಲೆ ಒಂದು ವರ್ಷ, ದೀಪಾವಳಿ ಅಮಾವಾಸ್ಯೆ ಹತ್ತಿರ ಬಂತು, ಎಲೆ ಅಲ್ಲಾಡೋಷ್ಟೂ ಗಾಳಿ ಇಲ್ಲ, ಆದ್ರೂ ಕಡಲಲ್ಲಿ ಉದ್ದುದ್ದ ತೆರೆ ಮೆಲ್ಲ ಮೆಲ್ಲ ಎದ್ದು ಬರ್ತಿತ್ತಂತೆ. ಬಚ್ಚಿ ಮಾವನ ಹತ್ರ ಹೋಗಿ, ಮಾವ, ಗಾಳಿ ಇಲ್ದೆ ತೆರೆ ಬರ್ತಿದೆ, ನನಗ್ಯಾಕೋ ಸರಿ ಕಾಣೋದಿಲ್ಲ ಅಂದ್ಲಂತೆ. ಎಲ್ಲೋ ದೂರದಲ್ಲಿ ಗಾಳಿ ಎದ್ದಿದೆ ಕಣಮ್ಮ, ಗಾಳಿಗೆ ಹೆದರಿದ್ರೆ ನಾವು ಬಲೆ ಹಿಡೀತಿದ್ವಾ, ಗಂಜಿ ಬಡಿಸು ಅಂದನಂತೆ ಅವನು. ಮಾರನೇ ದಿನ ನೋಡಿದ್ರೆ ಹೊಳೆದಂಡೆಯ ಏಡಿಗಳೆಲ್ಲ ಬಿಲ ಬಿಟ್ಟು ಅಡುಗೆಮನೆಗೆ ಹತ್ತಿವೆ. ಅದನ್ನೂ ಹೋಗಿ ಹೇಳಿದ್ಲು. ಸಾರಿಗಾಯ್ತಲ್ಲ, ಹೊಳೆಗೆ ಇಳಿಯೋ ಕೆಲಸ ತಪ್ಪಿತು ಅಂತ ಮಾವ ನಕ್ಕನಂತೆ. ನೀನೂ ನಗ್ತೀಯಾ? ನಗು ನಗು, ಬಚ್ಚಿಗೆ ಮಾತ್ರ ನಗು ಬರ್ಲಿಲ್ಲ.

ಅದರ ಮಾರನೇ ದಿನ ಅಮಾವಾಸ್ಯೆ. ಗಾಳಿ ಎದ್ದೇಬಿಟ್ಟಿತು. ಊರವರು ಹಿರಿಯರ ಕಾಲದಿಂದ ಮಾಡ್ತಾ ಬಂದ ಹಾಗೆ ಕಡಲಿಗೆ ಬೆನ್ನು ಹಾಕಿ, ಹೊಳೆದಂಡೆಯ ದೋಣಿ ಚಪ್ಪರಕ್ಕೆ ಮಕ್ಕಳುಮರಿ, ಚಾಪೆ, ಅಕ್ಕಿಮುಡಿ ಎಲ್ಲ ಸಾಗಿಸೋಕೆ ಶುರುಮಾಡಿದ್ರಂತೆ. ಗಾಳಿ ತಪ್ಪಿಸ್ಕೊಳ್ಳೋಕೆ ಅದು ಒಳ್ಳೇ ಜಾಗವೇ. ಬಚ್ಚಿ ಮಾತ್ರ ಕೂಸನ್ನ ಸೊಂಟದ ಮೇಲೆ ಕೂರಿಸ್ಕೊಂಡು ಹೊಳೆ ನೋಡ್ತಾ ನಿಂತ್ಲು. ಇಳಿತದ ಹೊತ್ತು ಶುರುವಾಗಿದೆ, ನೀರು ಇಳೀತಾನೇ ಇಲ್ಲ. ಅವಳಿಗೆ ತಾಯಿ ಹೇಳಿದ ಆ ಕಿರಿಯವ ನೆನಪಾದ. ಸೊಂಟದ ಮೇಲಿದ್ದ ಕೂಸು ಮಾತ್ರ ನೀರು ನೋಡಿ ಕೇಕೆ ಹಾಕ್ತಿತ್ತಂತೆ.

ಮೂರನೇ ಸಲ ಮಾವನ ಹತ್ರ ಓಡಿದ್ಲು. ಮಾವ, ಚಪ್ಪರ ಬೇಡ, ಎಲ್ಲರನ್ನೂ ದೋಣಿ ಹತ್ತಿಸಿ ಗುಡ್ಡಕ್ಕೆ ಸಾಗಿಸಿ. ಇಳಿತದಲ್ಲೇ ಹೊಳೆ ಇಷ್ಟು ತುಂಬಿದ್ರೆ, ಇನ್ನು ಭರತದ ನೀರು ಏರಿದಾಗ ಎಲ್ಲಿಗೆ ಬರ್ಬೇಕು ಹೇಳಿ ಅಂದ್ಲಂತೆ. ಮಾವನಿಗೆ ಸಿಟ್ಟು ಬಂತು. ನಮ್ಮಪ್ಪ, ಅವನಪ್ಪ ಎಲ್ಲ ಕೂತ ಜಾಗ ಅದು, ಒಂದು ಹೆಣ್ಣಿನ ಮಾತು ಕೇಳಿ ಊರನ್ನೇ ಹೊಳೆ ದಾಟಿಸ್ಲಾ ಅಂದನಂತೆ. ಬಚ್ಚಿ ಹಿಂದೆ ಸರೀಲಿಲ್ಲ. ನನ್ನ ಮಾತು ಕೇಳ್ಬೇಡಿ ಮಾವ, ಹೊಳೆ ಮಾತು ಕೇಳಿ. ನಿಮ್ಮ ಕೈಯಾರೆ ನೀರಲ್ಲೊಂದು ಗಳ ನೆಡಿ, ನೀರಿನ ಮಟ್ಟಕ್ಕೆ ನಿಮ್ಮ ತಲೆಬಟ್ಟೆ ಕಟ್ಟಿ. ಸೂರ್ಯ ಮುಳುಗೋದ್ರೊಳಗೆ ಗಳದ ಬುಡ ಕಂಡ್ರೆ ನಾನು ಕೂಸನ್ನ ಎತ್ಕೊಂಡು ತೌರಿಗೆ ಹೋಗ್ತೀನಿ, ಮತ್ತೆ ಈ ಹೊಸಲು ತುಳಿಯೋದಿಲ್ಲ ಅಂದ್ಲಂತೆ.

ಸೂರ ಮರಕಾಲ ಮುಂಗೋಪಿ, ಆದ್ರೆ ನ್ಯಾಯದ ಮನುಷ್ಯ. ತಾನೇ ನೀರಿಗಿಳಿದು ಗಳ ನೆಟ್ಟ, ತಲೆಬಟ್ಟೆ ಬಿಚ್ಚಿ ಕಟ್ಟಿದ. ಸಂಜೆ ಬಂದು ನೋಡ್ತಾನೆ, ಗಳದ ಬುಡ ಹಾಗಿರ್ಲಿ, ತಲೆಬಟ್ಟೆಯೇ ಕಾಣೋದಿಲ್ಲ. ಕೈ ಹಾಕಿ ತಡಕಿದ್ರೆ ಮೊಣಕೈ ಆಳದ ನೀರಿನಡಿ ಸಿಕ್ಕಿತಂತೆ. ದಂಡೆ ಹತ್ತಿ ಬಂದ. ಆಮೇಲೆ ಊರಿಗೆಲ್ಲ ಕೇಳೋ ಹಾಗೆ ಕೂಗಿದ, ದೋಣಿ ನೀರಿಗೆ ತಳ್ರೋ, ನನ್ನ ಸೊಸೆ ಹೇಳಿದ್ದಾಳೆ, ಗುಡ್ಡಕ್ಕೆ ಹೊರಡಿ. ಯಾರೋ ಬಲೆ ಬಲೆ ಅಂದ್ರು. ಬಲೆ ಹೋದ್ರೆ ಹೆಣೀಬಹುದು, ಮಕ್ಕಳು ಹೋದ್ರೆ ಹೆಣೀತೀಯೇನೋ ಅಂತ ಬೈದನಂತೆ.

ಮೊದಲ ಸಲ ಮಕ್ಕಳು, ಬಾಣಂತಿಯರು. ಎರಡನೇ ಸಲ ಮುದುಕರು. ಮೂರನೇ ಸಲ ಉಳಿದವರು, ಕೋಳಿ, ನಾಯಿ, ಎಲ್ಲರೂ. ಕಡೇ ದೋಣಿಯಲ್ಲಿ ಮಾವ, ಸೊಸೆ. ಬಚ್ಚಿ ಕೂಸನ್ನ ಮೊದಲ ದೋಣಿಯಲ್ಲೇ ಕಳಿಸಿದ್ಲಂತೆ, ತಾನು ಮಾತ್ರ ಎಲ್ಲರೂ ಹತ್ತಿದ ಮೇಲೆ ಹತ್ತಿದ್ದು.

ರಾತ್ರಿ ದೊಡ್ಡವ ಬೊಬ್ಬೆ ಹೊಡೆದ, ನಡುವಿನವ ಬಡಿದ. ಬೆಳಗಾಗಿ ಗುಡ್ಡದಿಂದ ನೋಡಿದ್ರೆ, ಕಡಲ ತೆರೆ ಎದುರಿನ ಮರಳದಿಬ್ಬ ದಾಟೇ ಇಲ್ಲವಂತೆ. ಕಿರಿಯವ ಹೊಳೆ ಕಡಲು ಸೇರೋ ಅಳಿವೆ ಬಾಯಿಂದ ನುಗ್ಗಿ, ಹೊಳೆ ಹತ್ತಿ, ಹಿತ್ತಲಿಂದ ಬಂದು ಹೋಗಿದ್ದ. ಮನೆ ಗೋಡೆಗೆ ಎದೆಮಟ್ಟ ಕೆಸರು. ದೋಣಿ ಚಪ್ಪರ ಇದ್ದ ಜಾಗದಲ್ಲಿ ಒಂದು ಕಂಬವೂ ಇಲ್ಲ. ಸೂರ ಮರಕಾಲ ಕೂಸನ್ನ ಎತ್ಕೊಂಡು ಗಟ್ಟಿಯಾಗಿ ಅತ್ತನಂತೆ, ಆಮೇಲೆ ಸೊಸೆಗೆ, ತೌರಿಗೆ ಹೋಗೋ ಮಾತು ಇನ್ನೊಮ್ಮೆ ಆಡಿದ್ರೆ ನೋಡು ಅಂದನಂತೆ. ಆಮೇಲೆ ಮನೆ ಕಟ್ಟಿದ್ರು, ಬಲೆ ಹೆಣೆದ್ರು, ಗಂಡನೂ ಘಟ್ಟ ಇಳಿದು ಬಂದ. ಹೊಳೆಯಲ್ಲಿ ಹೊಸ ಗಳ ನೆಟ್ರು, ದಿನಾ ಇಳಿತದ ಹೊತ್ತಿಗೆ ಅದನ್ನ ನೋಡಿ ಬರೋ ಕೆಲಸ ಬಚ್ಚಿ ಮನೆ ಹೆಂಗಸರಿಗೇ ಆಯ್ತಂತೆ.

ಆ ಹಲ್ಲಿಲ್ಲದ ಕೂಸು ಯಾರು ಗೊತ್ತಾಯ್ತಾ? ನನ್ನಜ್ಜಿ. ಹೂಂ, ಅವಳೇ. ಏನು, ಇವತ್ತು ಹೊಳೆ ಇಳಿದಿದೆಯಾ ಅಂತ ಕೇಳ್ತೀಯಾ? ಇಳಿದಿದೆ ಮಗಾ, ಸಂಜೆ ನಾನೇ ಹೋಗಿ ನೋಡಿ ಬಂದೆ, ಗಳದ ಬುಡ ಕಾಣ್ತಿತ್ತು. ಹೊಳೆ ಇಳೀತು, ಕತೇನೂ ಮುಗೀತು, ಇನ್ನು ಕಣ್ಣು ಮುಚ್ಚು.