ದೀಪದ ಬುಡ ನೀಲಿಯಾದದ್ದು

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳು ಎಲ್ಲಿ ಕೂರೋಣ ಎಂದು ಜಾಗ ನೋಡುತ್ತಿದ್ದವು. ಹೊಳೆಗೆ ಮಾತು ಬರುತ್ತಿತ್ತು, ಗಾಳಿಗೂ ಬರುತ್ತಿತ್ತು, ಕತ್ತೆಗಂತೂ ಚೆನ್ನಾಗಿಯೇ ಬರುತ್ತಿತ್ತು. ಬೆಂಕಿಗೆ ಮಾತ್ರ ಒಂದೇ ಬಣ್ಣ. ಬುಡದಿಂದ ತುದಿಯವರೆಗೂ ಬರೀ ಹಳದಿ.

ಇರಿನಿ ಅಜ್ಜಿ ಹೀಗೆ ಕಥೆ ಶುರುಮಾಡಿದ್ದಕ್ಕೆ ಕಾರಣವಿತ್ತು. ಗ್ರೀಸ್ ದೇಶದ ಒಂದು ಬಂದರು ಪಟ್ಟಣದಲ್ಲಿ ಅವಳ ಮನೆ. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ, ಈಗಿನ ಕಾಲದ ಇನ್ನೂ ಕೆಲವರಂತೆ, ಅವಳು ಹಳೆಯ ದೇವತೆಗಳನ್ನು ಮತ್ತೆ ಪೂಜಿಸತೊಡಗಿದ್ದಳು. ಒಲೆಯ ದೇವತೆ ಹೆಸ್ತಿಯಾಳಿಗೆ ಅಡುಗೆಮನೆಯ ಗೂಡಿನಲ್ಲಿ ದಿನವೂ ಒಂದು ಎಣ್ಣೆ ದೀಪ. ಸೊಸೆ ಇಟಲಿಯವಳು. ಅವಳೂ ಅದೇ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು, ಆದರೆ ರೋಮಿನವರ ಹೆಸರು ಹಿಡಿದು, ‘ವೆಸ್ತಾ ತಾಯಿ’ ಎಂದು.

ಈ ದಿನ ಬೆಳಿಗ್ಗೆ ಎಂಟು ವರ್ಷದ ಮೊಮ್ಮಗಳು ದಾನಾಯಿ ಮೊದಲ ಸಲ ದೀಪ ಹಚ್ಚಬೇಕಿತ್ತು. ಕಡ್ಡಿ ಗೀರಿ ನಿಂತಳು, ಯಾವ ಹೆಸರು ಹಿಡಿದು ಹಚ್ಚಬೇಕೆಂದು ತಿಳಿಯಲಿಲ್ಲ. ಕಡ್ಡಿ ಉರಿದು ಬೆರಳು ಚುರ್ ಎಂದಿತು. ಇನ್ನೊಂದು ಗೀರಿದಳು. ಅದೂ ಹಾಗೇ ಆಯಿತು.

“ಅಜ್ಜಿ, ಹೆಸ್ತಿಯಾ ಅಂದ್ರೆ ಅಮ್ಮಂಗೆ ಬೇಜಾರಾಗತ್ತೆ. ವೆಸ್ತಾ ಅಂದ್ರೆ ನಿಂಗೆ ಬೇಜಾರಾಗತ್ತೆ. ಅವರು ಒಬ್ಬರೇನಾ, ಇಬ್ಬರಾ?”

“ಮಿರ್ತೋಗೂ ಇದೇ ಗೊಂದಲ ಆಗಿತ್ತು ಪುಟ್ಟಿ,” ಎಂದು ಅಜ್ಜಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

ಮಿರ್ತೋ ಹೊಳೆಯ ದಡದ ಒಂಟಿ ಮುದುಕಿ. ಊರಿನ ಬೆಂಕಿ ಕಾಯುವುದು ಅವಳ ಕೆಲಸ. ಹೊಳೆಯ ಈಚೆ ದಡದವರು ಒಲೆಯ ತಾಯಿಯನ್ನು ಹೆಸ್ತಿಯಾ ಎನ್ನುತ್ತಿದ್ದರು, ಆಚೆ ದಡದವರು ವೆಸ್ತಾ ಎನ್ನುತ್ತಿದ್ದರು. ತಾಯಿಯನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಜಗಳವೂ ಇರಲಿಲ್ಲ.

ಒಂದು ದಿನ ಹೊಳೆ ಹುಚ್ಚೆದ್ದು ಉಕ್ಕಿತು. ಎರಡೂ ದಡದ ಮನೆಗಳಿಗೆ ನುಗ್ಗಿ ಒಲೆಗಳನ್ನೆಲ್ಲ ಆರಿಸಿತು. ದಿಬ್ಬದ ಮೇಲಿದ್ದ ಮಿರ್ತೋಳ ಒಲೆಯೊಂದೇ ಉಳಿಯಿತು. ಜನ ನೆನೆದು ತೊಪ್ಪೆಯಾಗಿ, ಹಚ್ಚದ ಕೊಳ್ಳಿಗಳನ್ನು ಹಿಡಿದು ಅವಳ ಬಾಗಿಲಿಗೆ ಬಂದರು. ಅವರಲ್ಲೊಬ್ಬಳು ಮೂರು ದಿನದ ಬಾಣಂತಿ. ಅವಳ ಮಡಿಲಿನ ಕೂಸು ಚಳಿಗೆ ನೀಲಿಗಟ್ಟುತ್ತಿತ್ತು.

“ತಾಯಿಗೆ ಮೊದಲ ತುತ್ತು ಇಟ್ಟು ಬೆಂಕಿ ಕೊಡ್ತೀನಿ, ಒಂದು ಗಳಿಗೆ ತಡೀರಿ,” ಎಂದು ಮಿರ್ತೋ ಜವೆಗೋಧಿಯ ರೊಟ್ಟಿ ಮುರಿದಳು.

ಆಗ ಒಲೆಯ ಎಡಕ್ಕೆ ಒಬ್ಬ ಹೆಂಗಸು ಕಂಡಳು. ತಲೆ ತುಂಬ ಸೆರಗು, ಕೈಯಲ್ಲಿ ಮಸಿ. ಮಿರ್ತೋ ಸಂತೋಷದಿಂದ ರೊಟ್ಟಿ ಚಾಚಿದಳು. ಅಷ್ಟರಲ್ಲಿ ಒಲೆಯ ಬಲಕ್ಕೆ ಇನ್ನೊಬ್ಬಳು. ಅದೇ ಮುಖ, ಅದೇ ಸೆರಗು, ಅದೇ ಮಸಿ.

ಮಿರ್ತೋಳ ಕೈ ಅರ್ಧದಲ್ಲೇ ನಿಂತಿತು. ಮೊದಲ ತುತ್ತು ಎಂದ ಮೇಲೆ ಅದು ಒಂದೇ. ಯಾರಿಗೆ ಕೊಡುವುದು?

“ತಾಯಿ, ನೀವು ಹೆಸ್ತಿಯಾನಾ?” ಎಂದು ಎಡದವಳನ್ನು ಕೇಳಿದಳು.

“ಹೌದು ಅಂತಾರೆ,” ಎಂದಳು ಎಡದವಳು.

“ಹಾಗಾದರೆ ನೀವು ವೆಸ್ತಾ?”

“ಹಾಗೂ ಅಂತಾರೆ,” ಎಂದಳು ಬಲದವಳು. ಮಿರ್ತೋಗೆ ಏನೂ ತಿಳಿಯಲಿಲ್ಲ.

ಅವಳು ಕಿಟಕಿಗೆ ಓಡಿ ಗಾಳಿಯನ್ನು ಕೇಳಿದಳು. “ಹೆಸ್ತಿಯಾಗೇ ಕೊಡು. ಹಿರಿಯಳು ಅವಳೇ,” ಎಂದಿತು ಗಾಳಿ. ಬಾಗಿಲಿಗೆ ಓಡಿ ಹೊಳೆಯನ್ನು ಕೇಳಿದಳು. ಹೊಳೆ ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ, “ನಾನು ಕಂಡ ಹಾಗೆ ವೆಸ್ತಾನೇ ಹಿರಿಯಳು,” ಎಂದಿತು. ಮಿರ್ತೋ ಎಡಕ್ಕೆ ಬಂದಳು, ಬಲಕ್ಕೆ ಹೋದಳು. ಮತ್ತೆ ಎಡಕ್ಕೆ ಬಂದಳು, ಮತ್ತೆ ಬಲಕ್ಕೆ ಹೋದಳು. ಇಬ್ಬರು ತಾಯಂದಿರೂ ಸುಮ್ಮನೆ ನೋಡುತ್ತಿದ್ದರು. ಕೋಪವೋ, ನಗುವೋ, ಅದೂ ಗೊತ್ತಾಗಲಿಲ್ಲ.

ಅಂಗಳದಲ್ಲಿ ಮುದಿ ಕತ್ತೆಯೊಂದು ನಿಂತಿತ್ತು. “ಮಿರ್ತಕ್ಕಾ,” ಎಂದು ಅದು ಗಂಟಲೆತ್ತಿ ಕೂಗಿತು, “ಯಾರು ಹಿರಿಯರೋ ನಂಗೊತ್ತಿಲ್ಲ. ಆದರೆ ನಿನ್ನ ಒಲೆ ಆರ್ತಾ ಇದೆ.”

ಮಿರ್ತೋ ತಿರುಗಿ ನೋಡಿದಳು. ಅತ್ತಿಂದಿತ್ತ ಓಡಾಡುವುದರಲ್ಲಿ ಅವಳು ಒಲೆಗೆ ಒಂದು ಪುಳ್ಳೆಯನ್ನೂ ಹಾಕಿರಲಿಲ್ಲ. ಬೂದಿಯ ನಡುವೆ ಅವರೆಕಾಳಿನಷ್ಟು ಕೆಂಡ ಉಳಿದಿತ್ತು. ಬಾಗಿಲಲ್ಲಿ ಕೂಸಿನ ಅಳು ನಿಂತುಹೋಗಿತ್ತು. ಬಾಣಂತಿ, “ಅಜ್ಜಿ... ಅಜ್ಜಿ...” ಎನ್ನುತ್ತಿದ್ದಳು.

ಮಿರ್ತೋ ರೊಟ್ಟಿಯನ್ನು ನೆಲದ ಮೇಲೆ ಬಿಟ್ಟಳು. ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗಿಸಿ ಊದಿದಳು. ಒಣಹುಲ್ಲು ಇಟ್ಟು ಊದಿದಳು. ತನ್ನ ಸೆರಗಿನ ಅಂಚು ಹರಿದಿಟ್ಟು ಊದಿದಳು.

“ಯಾರು ಯಾರೋ ನಂಗೆ ಗೊತ್ತಾಗ್ತಿಲ್ಲ ತಾಯಿ,” ಎಂದು ಊದುವ ನಡುವೆಯೇ ಅತ್ತಳು. “ಗೊತ್ತಾಗೋದೂ ಇಲ್ಲ. ಕೂಸು ಸಾಯ್ತಾ ಇದೆ. ಇಬ್ಬರೂ ಕೂತ್ಕೊಳ್ಳಿ. ಜಾಗ ಇದೆ.”

ಇಬ್ಬರೂ ಒಟ್ಟಿಗೇ ಬಗ್ಗಿದರು. ಒಬ್ಬಳು ಕೆಂಡದ ಹತ್ತಿರ ಮುದುಡಿ ಕೂತಳು. ಇನ್ನೊಬ್ಬಳು ಅವಳ ಹೆಗಲ ಮೇಲೆ ಎದ್ದು ನಿಂತಳು. ಭುಗ್ ಎಂದು ಬೆಂಕಿ ಎದ್ದಿತು. ಕೂತವಳು ಇದ್ದಲ್ಲಿ ನೀಲಿ, ನಿಂತವಳು ಇದ್ದಲ್ಲಿ ಹಳದಿ. ಅಂಥ ಬೆಂಕಿಯನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಬಾಣಂತಿ ಕೂಸನ್ನು ಒಲೆಯ ಮುಂದೆ ಹಿಡಿದಳು. ಒಂದು ಕಾಲು ಅಲುಗಿತು. ಆಮೇಲೆ ಎರಡೂ ದಡಕ್ಕೆ ಕೇಳುವ ಹಾಗೆ ಅದು ಕಿರುಚಿತು. ಜನ ಅಳುತ್ತ, ನಗುತ್ತ ಕೊಳ್ಳಿ ಹಚ್ಚಿಕೊಂಡು ಹೊರಟರು.

ಎಲ್ಲರೂ ಹೋದ ಮೇಲೆ ಮಿರ್ತೋ ಒಲೆಗೆ ಮುಖ ಹತ್ತಿರ ತಂದಳು. “ಈಗಲಾದರೂ ಹೇಳಿ ತಾಯಿ. ಕೂತವರು ಯಾರು, ನಿಂತವರು ಯಾರು?”

ಬೆಂಕಿ ಚಟಪಟ ಎಂದಿತು. ಅದು ಉತ್ತರವೋ ಸೌದೆ ಸಿಡಿದ ಸದ್ದೋ, ಮಿರ್ತೋಗೆ ತಿಳಿಯಲಿಲ್ಲ. ಸಾಯುವವರೆಗೂ ಅವಳು ದಿನಾ ಕೇಳಿದಳು, ದಿನಾ ಸೌದೆ ಹಾಕಿದಳು.

“ಹಾಗಾದ್ರೆ ಒಬ್ಬರಾ, ಇಬ್ಬರಾ?” ದಾನಾಯಿಯ ಹಣೆ ಇನ್ನೂ ಗಂಟಿಕ್ಕಿಯೇ ಇತ್ತು.

“ನಂಗೂ ಗೊತ್ತಿಲ್ಲ ಪುಟ್ಟಿ. ಹತ್ತು ವರ್ಷದಿಂದ ಹಚ್ತಾ ಇದೀನಿ, ಇನ್ನೂ ಗೊತ್ತಾಗಿಲ್ಲ. ನಿಮ್ಮಮ್ಮನ್ನ ಕೇಳು, ಅವಳೂ ಇದೇ ಹೇಳ್ತಾಳೆ.”

ದಾನಾಯಿ ಕಡ್ಡಿ ಗೀರಿದಳು. “ಹೆಸ್ತಿಯಾ ತಾಯಿ,” ಎಂದಳು. ಸ್ವಲ್ಪ ಯೋಚಿಸಿ, “ವೆಸ್ತಾ ತಾಯಿ,” ಎಂದಳು. ಬತ್ತಿ ಹತ್ತಿಕೊಂಡಿತು. ಅವಳು ಗಲ್ಲಕ್ಕೆ ಕೈಯೂರಿ ನೋಡುತ್ತ ಕೂತಳು.

ನೀವೂ ಈ ಹೊತ್ತು ಮನೆಯ ದೀಪವನ್ನು ಹತ್ತಿರದಿಂದ ನೋಡಿ: ಬುಡದಲ್ಲಿ ಇವತ್ತಿಗೂ ಒಬ್ಬಳು ನೀಲಿಯಾಗಿ ಕೂತಿದ್ದಾಳೆ, ಮೇಲೆ ಒಬ್ಬಳು ಹಳದಿಯಾಗಿ ನಿಂತಿದ್ದಾಳೆ, ಯಾರು ಯಾರೆಂದು ಅವರು ಇನ್ನೂ ಹೇಳಿಲ್ಲ.